ಕೆಂಪು ದೀಪದಲ್ಲಿ ಮಂಡಿ ಕಾಯಿಸಿದ್ದು

ನೆಟ್ಟಗೆ ದೇವಸ್ಥಾನಕ್ಕೆ ಹೋಗಿ ನೆಟ್ಟಗೆ ಮನೆಗೆ ಬರುವ ಮನುಷ್ಯ ನಾನು. ಆದರೂ ಜನ ನಗುವಂಥದ್ದು ಏನಾದರೊಂದು ನನಗೆ ಆಗುತ್ತಲೇ ಇರುತ್ತದೆ. ಈ ಸಲದ್ದು ಮಂಡಿಯಿಂದ ಶುರುವಾಯಿತು.

ಮಗಳ ಮದುವೆಗೆ ಒಂದು ತಿಂಗಳಿತ್ತು. ಧಾರೆ ಎರೆಯಲು ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಎರಡು ಗಂಟೆ ಕೂರಬೇಕು. ನನ್ನ ಮಂಡಿಗಳೋ, ಅರ್ಧ ಬಗ್ಗಿ ಅಲ್ಲೇ ಮುಷ್ಕರ ಹೂಡುತ್ತಿದ್ದವು. ಕುರ್ಚಿಯಲ್ಲಿ ಕೂತು ಕನ್ಯಾದಾನವೇ? ನಮ್ಮಪ್ಪ ಮಾಡಲಿಲ್ಲ, ನಾನೂ ಮಾಡುವುದಿಲ್ಲ ಎಂದು ಹಟ ಹಿಡಿದೆ.

"ಹಾಗಾದ್ರೆ ಸೌನಾಗೆ ಹೋಗಪ್ಪ" ಎಂದು ಮಗಳು ಇಂದಿರಾನಗರದಲ್ಲಿ ಹತ್ತು ಸಲಕ್ಕೆ ಬುಕ್ ಮಾಡಿಬಿಟ್ಟಳು. ಡಾಕ್ಟರೂ ಬಿಪಿ ನೋಡಿ, ಹೋಗಿಬನ್ನಿ ಅಂದರು.

೧. ಎಣ್ಣೆ

ಬಿಸಿಯಲ್ಲಿ ಕೂತು ಬೆವರಬೇಕು ಎಂದಷ್ಟೇ ನನಗೆ ಗೊತ್ತಿದ್ದದ್ದು. ನಮ್ಮೂರಲ್ಲಿ ಎಣ್ಣೆ ಹಚ್ಚದೆ ಬಿಸಿಯ ಹತ್ತಿರ ಹೋದವರನ್ನು ನಾನು ಕಂಡಿಲ್ಲ. ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ತಿಕ್ಕಿಕೊಂಡು, ಮೇಲೊಂದು ಹಳೇ ಅಂಗಿ ಹಾಕಿ, ಸೀಗೆಪುಡಿ ಪೊಟ್ಟಣ ಹಿಡಿದು ಹಲಸೂರಲ್ಲಿ ಆಟೊ ಹತ್ತಿದೆ.

ಕೌಂಟರಿನ ಹುಡುಗಿ ಪಾಠ ಒಪ್ಪಿಸಿದಳು. "ಅಂಕಲ್, ಇದು ಇನ್‌ಫ್ರಾರೆಡ್. ಹಬೆ ಇರಲ್ಲ. ಶಾಖ ನೇರ ಮೈಗೇ ತಾಗುತ್ತೆ. ಕೆಲವರಿಗೆ ನೋವು ಕಮ್ಮಿಯಾಗುತ್ತೆ, ಎಲ್ಲರಿಗೂ ಆಗುತ್ತೆ ಅಂತ ಹೇಳೋಕಾಗಲ್ಲ."

"ಸರಿಯಮ್ಮ. ಹಂಡೆ ಎಲ್ಲಿದೆ?"

"ಹಂಡೆನಾ? ಇಲ್ಲಿ ನೀರೇ ಇಲ್ಲ ಅಂಕಲ್."

"ಮತ್ತೆ ಈ ಎಣ್ಣೆ ಹೋಗೋದು ಹೇಗೆ?"

ಅವಳು ಆಗ ನನ್ನ ಮೈ ನೋಡಿದಳು. ಆಮೇಲೆ ಒಳಗಿನ ಮರದ ಬೆಂಚು ನೋಡಿದಳು. "ಮನೇಗೆ ಹೋಗಿ ಸ್ನಾನ ಮಾಡ್ಕೊಂಡು ಬಂದ್ಬಿಡಿ" ಅಂದಳು.

ಹೊರಗೆ ಅದೇ ಆಟೊದವ ನಿಂತಿದ್ದ. ಈ ಸಲ ಸೀಟಿನ ಮೇಲೆ ಪೇಪರ್ ಹಾಸಿಯೇ ಹತ್ತಿಸಿಕೊಂಡ.

೨. ಜಪ

ಮರುದಿನ ಒಳಗೆ ಬಿಟ್ಟರು. ಬಟ್ಟೆಯ ಬೀರುವಿನಷ್ಟು ಜಾಗ, ಕೆಂಪು ದೀಪ. ಗಡಿಯಾರ, ಫೋನು ಎಲ್ಲ ಹೊರಗೆ. "ಅರ್ಧ ಗಂಟೆಗೆ ನಾನೇ ಬಾಗಿಲು ತಟ್ತೀನಿ" ಅಂದಳು ಹುಡುಗಿ.

"ಬೇಡಮ್ಮ, ನನ್ನ ಐದು ಮಾಲೆ ಜಪಕ್ಕೆ ಸರಿಯಾಗಿ ಅರ್ಧ ಗಂಟೆ" ಎಂದು ತುಳಸಿ ಮಾಲೆ ತೋರಿಸಿದೆ.

ಐದೂ ಮಾಲೆ ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಗಂಭೀರವಾಗಿ ಹೊರಬಂದೆ. "ಹನ್ನೆರಡೇ ನಿಮಿಷ ಆಗಿರೋದು ಅಂಕಲ್" ಅಂದಳು.

ಮನೆಯಲ್ಲಿ ಇದನ್ನು ಹೇಳಬಾರದಿತ್ತು, ಹೇಳಿದೆ. ಹೆಂಡತಿ ಒಗ್ಗರಣೆ ಸೌಟು ಕೆಳಗಿಟ್ಟಳು. "ದೇವರ ಮನೇಲೂ ಆ ದೀಪಾನೇ ಹಾಕ್ಸೋಣ ಕಣ್ರೀ. ತಿಂಡಿ ಬಿಸಿಯಾಗಿದ್ದಾಗ್ಲೇ ಬರ್ತೀರಿ."

೩. ಮಣೆ

ಹತ್ತು ಸಲ ಮುಗಿಯುವಷ್ಟರಲ್ಲಿ ಮಂಡಿ ಬಗ್ಗತೊಡಗಿತು. ಅದು ಶಾಖದಿಂದಲೋ, ಹೆಂಡತಿ ದಿನಾ ಸಂಜೆ ತಿಕ್ಕಿದ್ದರಿಂದಲೋ, ದೇವರೇ ಬಲ್ಲ. ಮುಹೂರ್ತದ ದಿನ ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ನೋವಿಲ್ಲ! ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಪುರೋಹಿತರು ಕುಂಟುತ್ತ ಬಂದರು. "ನನಗೊಂದು ಕುರ್ಚಿ ಹಾಕ್ಸಿ ಯಜಮಾನ್ರೇ. ಮಂಡಿ ಬಗ್ಗಲ್ಲ."

ನಾನು ಮಣೆಯಿಂದಲೇ ಕತ್ತೆತ್ತಿದೆ. "ಕುರ್ಚಿ ನಡೆಯುತ್ತಾ ಸ್ವಾಮಿ?"

"ಧಾರಾಳವಾಗಿ. ಈಗ ಹೆಣ್ಣಿನ ತಂದೆಯರೆಲ್ಲ ಕುರ್ಚೀಲೇ ಕೂರ್ತಾರೆ. ನೀವು ಕೇಳಿದ್ರೆ ಆಗ್ಲೇ ಹೇಳ್ತಿದ್ದೆ."

ಹೆಂಡತಿ ನನ್ನತ್ತ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಧಾರೆ ಮುಗಿಯಿತು. ನಾನು ಯಾರ ಕೈಯನ್ನೂ ಹಿಡಿಯದೆ ಎದ್ದುನಿಂತೆ. ಪುರೋಹಿತರು ನನ್ನ ಮಂಡಿಯನ್ನೇ ನೋಡಿ, "ಇದು ಹೇಗ್ರೀ ಸಾಧ್ಯವಾಯ್ತು?" ಅಂದರು. ಕೆಂಪು ದೀಪದ ಸಂಗತಿಯನ್ನು ನಿಧಾನವಾಗಿ, ಬೆವರಿನ ಸಮೇತ, ವಿವರಿಸಿದೆ. ಅವರ ಕೊರಳಿನ ಮೈಕು ಆನ್ ಆಗಿಯೇ ಇತ್ತು.

ಕ್ಷಣದಲ್ಲಿ ಛತ್ರದ ಹಿರಿಯರೆಲ್ಲ ಅಕ್ಷತೆ ಹಿಡಿದು ವೇದಿಕೆ ಹತ್ತಿದರು. ವಧೂವರರ ತಲೆಯ ಮೇಲೆ ನಾಲ್ಕು ಕಾಳು ಎಸೆದು ನೇರ ನನ್ನ ಹತ್ತಿರ ಬಂದು ಸಾಲು ನಿಂತರು. "ಇಂದಿರಾನಗರದಲ್ಲಿ ಎಲ್ಲಿ?" "ಸೊಂಟಕ್ಕೂ ಆಗುತ್ತಾ?" ನನ್ನ ಬೀಗರಂತೂ ಪಂಚೆ ಎತ್ತಿ ಮಂಡಿಯನ್ನೇ ತೋರಿಸಿದರು. ಫೋಟೊದವನೂ ಕ್ಯಾಮೆರಾ ಇತ್ತ ತಿರುಗಿಸಿದ.

ಹಿಂದಿನಿಂದ ಮಗಳ ದನಿ ಬಂತು. "ಅಪ್ಪಾ, ಇದು ನನ್ನ ಮದುವೆ!"