ಬನಹಟ್ಟಿಯಲ್ಲಿ ಮೈಸೂರಿನ ಮುದ್ದೆ

ತನ್ನ ಊರಿನಲ್ಲಿ ಇರುವಷ್ಟು ದಿನ ಮನುಷ್ಯ ಬರೀ ತಾನಾಗಿರುತ್ತಾನೆ. ಪರಸ್ಥಳದಲ್ಲಿ ಒಲೆ ಹೂಡಿದನೋ, ಇಡೀ ಸೀಮೆಯ ಮಾನ ಅವನ ತಲೆಯ ಮೇಲೆ ಬಂದು ಕೂರುತ್ತದೆ. ನಮ್ಮ ಯಜಮಾನರು ನೂಲಿನ ಬಣ್ಣ ಮಾರುವ ಕಂಪನಿಯ ಏಜಂಟರಾಗಿ ತುಮಕೂರಿನಿಂದ ಬನಹಟ್ಟಿಗೆ ಬಂದಾಗಿನಿಂದ ನನ್ನದು ಇದೇ ಪಾಡು. ನಮ್ಮದು ಮೈಸೂರು ಸೀಮೆ, ಇದು ಮುಂಬಯಿ ರಾಜ್ಯ. ಎರಡೂ ಕಡೆ ಕನ್ನಡವೇ ಆದರೂ ಓಣಿಯವರ ಪಾಲಿಗೆ ನಾನು ವಿಲಾಯತಿಯಿಂದ ಇಳಿದವಳು. ನಾನು ಸಾರಿಗೆ ಬೆಲ್ಲ ಹಾಕಿದರೆ ಮೈಸೂರಿನವರೆಲ್ಲ ಬೆಲ್ಲ ಹಾಕಿದಂತೆ. ಮಧ್ಯಾಹ್ನ ನಾನು ಸ್ವಲ್ಪ ಅಡ್ಡಾದರೆ ಮೈಸೂರಿಗೆ ಮೈಸೂರೇ ಮಲಗಿದಂತೆ. ಬಾವಿಕಟ್ಟೆಯಲ್ಲಿ ಒಮ್ಮೆ ಜಾರಿ ಬಿದ್ದೆ, ನೋಡಿ. ನನ್ನನ್ನು ಎಬ್ಬಿಸುವ ಮೊದಲೇ ಒಬ್ಬಾಕೆ, "ಮೈಸೂರ ಮಂದಿಗೆ ನಮ್ಮ ನೆಲಾ ಹತ್ತೂದಿಲ್ಲ ಬಿಡ್ರಿ" ಎಂದು ತೀರ್ಪು ಕೊಟ್ಟಾಗಿತ್ತು.

ಹೀಗಿರುವಾಗ ಮನೆಯ ಮಾಲಕಿ ನೀಲವ್ವನವರ ಮಗಳು ಶಾಂತಾಳಿಗೆ ತುಮಕೂರಿನ ಮಾಸ್ತರನೊಬ್ಬನ ಸಂಬಂಧ ಬಂತು. ಹುಡುಗಿಗೂ ಮನಸ್ಸಾಗಿತ್ತು. ಅಡ್ಡಗಾಲು ಹಾಕಿದವರು ನೀಲವ್ವನ ಅತ್ತೆ, ಎರಡೇ ಹಲ್ಲು ಉಳಿದಿದ್ದ ಬಸವ್ವ.

"ಬರೇ ಅನ್ನಾ ತಿನ್ನೂ ಮಂದಿ ಅವರು, ಮೈಯಾಗ ಕಸುವು ಎಲ್ಲಿಂದ ಬರಬೇಕು? ನಮ್ಮ ಬಾಡಿಗಿ ಅಕ್ಕಾರನ್ನ ನೋಡ್ರಿ, ಒಂದು ಕೊಡಾ ನೀರು ಹೊತ್ರ ಹಾದ್ಯಾಗ ಮೂರು ಸಲ ಇಳಸ್ತಾರ!"

ಶಾಂತಾ ನನ್ನ ಅಡಿಗೆಮನೆಗೆ ಬಂದು ಕಣ್ಣೊರೆಸಿಕೊಂಡಳು. "ಅಕ್ಕಾರ, ಏನರ ಮಾಡ್ರಿ. ನೀವು ಕೊಡಾ ಇಳಸೂದಕ್ಕ ನನ್ನ ಲಗ್ನಾ ಮುರದು ಬೀಳಾಕತ್ತೈತಿ."

ಅವತ್ತೇ ನಿಶ್ಚಯ ಮಾಡಿದೆ. ಅಜ್ಜಿಗೆ ರಾಗಿಮುದ್ದೆ ಉಣಿಸಿಯೇ ತೀರಬೇಕು. ನಮ್ಮ ಕಡೆ ಕಸುವಿನ ಊಟವೂ ಉಂಟೆಂದು ಗೊತ್ತಾಗಲಿ. ಅಣ್ಣನಿಗೆ ಹೇಳಿಕಳಿಸಿ ರಾಗಿ ತರಿಸಿದೆ. ಮುದ್ದೆ ತಿರುವುವ ಕೋಲು ಇರಲಿಲ್ಲ. ಮುರಿದ ಮಗ್ಗದ ಕೋಲೊಂದನ್ನು ಬೇಡಿ ತಂದು ತಿಕ್ಕಿ ತೊಳೆದೆ. ಅಂಗೈ ಸುಟ್ಟುಕೊಂಡು ಉಂಡೆ ಕಟ್ಟಿ, ಸೊಪ್ಪಿನ ಸಾರು ಮಾಡಿ, ಬಸವ್ವನವರನ್ನು ಊಟಕ್ಕೆ ಕರೆದೆ.

ಅವರು ದೊಡ್ಡ ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಜೋಳದ ರೊಟ್ಟಿ ಅಗಿದು ಬೆಳೆದ ದವಡೆ, ಪಾಪ! ಮುದ್ದೆಯನ್ನು ಅಗಿಯಬಾರದೆಂದು ನಾನು ಮೊದಲೇ ಹೇಳಬೇಕಿತ್ತು. ಆದರೆ ಅಷ್ಟು ಹಿರಿಯರಿಗೆ ಉಣ್ಣುವುದನ್ನು ಕಲಿಸುವುದು ಹೇಗೆ? ನಮ್ಮ ಕಡೆಯ ಮರ್ಯಾದೆ ನನ್ನ ಬಾಯಿ ಕಟ್ಟಿತು, ನಮ್ಮ ಕಡೆಯ ಮುದ್ದೆ ಅವರ ಬಾಯಿ ಕಟ್ಟಿತು. ಬಾಗಿಲ ಸಂದಿಯಲ್ಲಿ ಶಾಂತಾಳ ಮುಖ ಬಿಳಿಚಿತು. ಇನ್ನು ಮರ್ಯಾದೆ ನೋಡಿದರೆ ಹುಡುಗಿಯ ಮದುವೆ ಕೆಟ್ಟಂತೆಯೇ.

"ಅಜ್ಜಿ, ಅಗಿಯಬೇಡಿ. ಸಾರಿನಲ್ಲಿ ಅದ್ದಿ ಹಾಗೇ ನುಂಗಿಬಿಡಿ!"

ಹೇಗೋ ಬಾಯಿ ಬಿಡಿಸಿಕೊಂಡು ಬಸವ್ವ ಗದರಿದರು: "ನುಂಗಾಕ ನಾ ಏನು ಹಾವೇನು?"

ಎದುರಿಗೆ ಕೂತು ನಾನೇ ಒಂದು ತುತ್ತು ನುಂಗಿ ತೋರಿಸಿದೆ. ಅವರು ನನ್ನ ಗಂಟಲನ್ನೇ ದಿಟ್ಟಿಸಿದರು. ಆಮೇಲೆ ಸಣ್ಣದೊಂದು ತುತ್ತು ಅದ್ದಿದರು, ನುಂಗಿದರು. ಮತ್ತೊಂದು. ಮಗದೊಂದು.

"ಇದಕ್ಕ ಹಲ್ಲು ಬ್ಯಾಡೇನು?"

"ಬೇಡ, ಅಜ್ಜಿ."

ದಿನಾ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿಕೊಂಡು, ಅದು ಮೆತ್ತಗಾಗುವ ತನಕ ಎಲ್ಲರನ್ನೂ ಬೈಯುತ್ತ ಕೂರುವ ಜೀವ ಅದು. ತಟ್ಟೆ ಖಾಲಿಯಾದ ಮೇಲೆ ಕೂಗಿದರು: "ಲೇ ನೀಲಾ, ಬಾ ಇಲ್ಲೆ! ಹಲ್ಲು ಬಿದ್ದವರ ತ್ರಾಸು ತಿಳದ ಮಂದಿ ಬೇ ಇವರು. ನಮ್ಮ ಹುಡುಗಿ ಮುದುಕಿ ಆದ್ರೂ ಅಲ್ಲೆ ಹಸಗೊಂಡು ಕೂಡೂದಿಲ್ಲ. ಕೊಟ್ಟುಬಿಡ್ರಿ!" ಕಸುವಿನ ಮಾತನ್ನು ಯಾರೂ ಎತ್ತಲೇ ಇಲ್ಲ.

ಮದುವೆಯಾಗಿ ಶಾಂತಾ ತುಮಕೂರು ಸೇರಿದಳು. ಅಲ್ಲಿ ಅವಳ ತಲೆಯ ಮೇಲೆ ಈಗ ಬನಹಟ್ಟಿಯ ಮಾನ ಕೂತಿರಬೇಕು. ಇಲ್ಲಿ ಬಸವ್ವ ವಾರಕ್ಕೊಮ್ಮೆ ತಪ್ಪದೆ ಮುದ್ದೆಗೆ ಬರುತ್ತಾರೆ, ಜೊತೆಗೆ ನಾನೂ ಉಣ್ಣಬೇಕು. ನಿಮ್ಮಲ್ಲೇ ಇರಲಿ, ಚಿಕ್ಕಂದಿನಿಂದ ನನಗೆ ಮುದ್ದೆ ಸೇರದು. ತವರಿನಲ್ಲಿ ನನ್ನ ಪಾಲಿನದು ಕರುವಿನ ಬಾಯಿಗೆ ಹೋಗುತ್ತಿತ್ತು. ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ ಗೋಡೆಯಾಚೆಯಿಂದ ಬಿಸಿ ರೊಟ್ಟಿಯ, ಎಣ್ಣೆಗಾಯಿಯ ವಾಸನೆ ಬರುತ್ತದೆ.

"ಅಕ್ಕಾರ, ಎರಡು ರೊಟ್ಟಿ ಕೊಡ್ಲೇನ್ರಿ?" ಎಂದು ನೀಲವ್ವ ಕೂಗುತ್ತಾರೆ.

ನಾನು ಹೂಂ ಅನ್ನುವಷ್ಟರಲ್ಲಿ ಬಸವ್ವ, "ಅವರಿಗೆ ಯಾಕ ಬೇ ರೊಟ್ಟಿ? ಅವರಿಗೆ ಅವರ ದೇಶದ್ದ ಆಗಬೇಕು!" ಎಂದು ನನ್ನ ಪರವಾಗಿ ಅಭಿಮಾನದಿಂದ ಹೇಳಿಬಿಡುತ್ತಾರೆ.

ನಾನು ಹೌದೆಂದು ತಲೆಯಾಡಿಸಿ, ಅಗಿಯದೆ, ನುಂಗುತ್ತೇನೆ.