ಅಪ್ಪನಿಗೆ ಹೇಳಬಾರದ ಕನ್ನಡ

ತಮಿಳುನಾಡು ಗಡಿಯ ನಮ್ಮ ಹೊಸೂರು ಕಡೆ ಒಂದೇ ಭಾಷೆ ಬಲ್ಲವನನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತದೆ. ನನ್ನದು ಕಾರ್ಖಾನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಹೆಂಡತಿಯೆದುರು ಮೂರರಲ್ಲೂ ಸೋತಿದ್ದೇನೆ. ಇಷ್ಟು ಸಿರಿವಂತಿಕೆಯಿದ್ದೂ ಮಗಳು ಚಾರು ಐದನೇ ತರಗತಿಗೆ ಬರುವ ಹೊತ್ತಿಗೆ ಕನ್ನಡ ಆಡುವುದನ್ನೇ ಬಿಟ್ಟಳು. ಕೇಳಿದರೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಶಾಲೆಯ ತಮಿಳಿನಲ್ಲಿ.

ಇದರಿಂದ ನಿಜವಾಗಿ ನೊಂದವಳು ನನ್ನ ಅವ್ವ. ತಳಿ ಎಂಬ ಊರಿನಿಂದ ನಮ್ಮ ಬಾಗಲೂರಿನ ಮನೆಗೆ ಬಂದಿರುವ ಅವಳ ತಮಿಳು ಬಸ್ಸು ಹತ್ತಿ ಇಳಿಯುವುದಕ್ಕಷ್ಟೇ ಸಾಲುತ್ತದೆ. "ಮೊಮ್ಮಗಳ ತಾವ ಎರಡು ಮಾತಾಡಕ್ಕೂ ನೀನು ಮಧ್ಯ ನಿಂತ್ಕಬೇಕೇನ್ಲಾ?" ಎಂದು ಒಂದು ದಿನ ಕಣ್ಣೊರೆಸಿಕೊಂಡಳು. ಕಥೆಪುಸ್ತಕ ತಂದೆ, ಗದರಿದೆ, ಭಾಷಣ ಬಿಗಿದೆ. ಚಾರು ಆಕಳಿಸಿದಳು.

ಮಗಳಿಗೆ ತಿಳಿಯಬಾರದ್ದನ್ನು ನಾನೂ ಹೆಂಡತಿಯೂ ತೆಲುಗಿನಲ್ಲಿ ಮಾತಾಡಿಕೊಳ್ಳುವುದು ನಮ್ಮ ಮನೆಯ ಹಳೆಯ ಪದ್ಧತಿ. ಒಮ್ಮೆ ಅವಳನ್ನು ಬಿಟ್ಟು ಮದುವೆಗೆ ಹೋಗುವ ಸಂಚು ಹೂಡುತ್ತಿದ್ದಾಗ ಒಳಗಿಂದ ಅಚ್ಚ ತೆಲುಗಿನಲ್ಲೇ ಕೂಗು ಬಂತು: "ನೇನೂ ವಸ್ತಾನು!" ತಾನೂ ಬರುತ್ತಾಳಂತೆ. ಯಾರು ಕಲಿಸಿದರು ಇವಳಿಗೆ? ಕಲಿ ಕಲಿ ಎಂದು ಬೇಡಿಕೊಂಡದ್ದನ್ನು ಬಿಟ್ಟು, ಮುಚ್ಚಿಟ್ಟದ್ದನ್ನು ಕಲಿತಿದ್ದಳು!

ಅಂದೇ ಅವ್ವನಿಗೆ ಉಪಾಯ ಹೇಳಿಕೊಟ್ಟೆ. ಸಂಜೆ ಅವರೆಕಾಯಿ ಸುಲಿಯುತ್ತಾ ಅವ್ವ ಪಿಸುಗುಟ್ಟಿದಳು: "ನಿಮ್ಮಪ್ಪ ಚಿಕ್ಕೋನಿದ್ದಾಗ ಏನ್ ಮಾಡ್ಬುಟ್ಟ ಗೊತ್ತಾ? ಅವ್ನಿಗೆ ಮಾತ್ರ ಹೇಳ್ಬ್ಯಾಡ." ಚಾರು ತಮಿಳಿನಲ್ಲಿ ಏನೋ ಕೇಳಿದಳು. ಅವ್ವ ಅರ್ಥವಾಗಲಿಲ್ಲವೆಂದು ತಲೆಯಾಡಿಸಿ ಇನ್ನೊಂದು ಕಾಯಿ ಸುಲಿದಳು. ನನ್ನನ್ನು ಕರೆದು ಅರ್ಥ ಹೇಳಿಸುವಂತಿಲ್ಲ, ಗುಟ್ಟು ನನ್ನದೇ. ಹುಡುಗಿ ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ಕೇಳಿಯೇಬಿಟ್ಟಳು: "ಏನ್ ಮಾಡ್ದ ಅಜ್ಜಿ?"

ನನಗಾದ ಸಂತೋಷ ಹೇಳತೀರದು. ಈಗ ದಿನವೂ ಹಿತ್ತಲಲ್ಲಿ ಇಬ್ಬರದೂ ಕನ್ನಡದಲ್ಲೇ ಗುಸುಗುಸು, ಕಿಸಿಕಿಸಿ.

"ಅಪ್ಪಂಗೆ ಕೇಳ್ಸಲ್ಲ, ಜೋರಾಗೇ ಹೇಳಜ್ಜಿ."

"ಹುಂಜ ಅಟ್ಟಿಸ್ಕಂಡ್ ಬಂತು ಕಣಮ್ಮಿ. ಇವ್ನು ನಿಂತ್ಕಂಡಂಗೇ ಚಡ್ಡಿ ಒದ್ದೆ ಮಾಡ್ಕಬುಟ್ಟ!"

ಅದು ನಾನಲ್ಲ, ನನ್ನ ತಮ್ಮ. ಅವ್ವನಿಗೆ ವಯಸ್ಸಾಯಿತು, ನೆನಪಿನಲ್ಲಿ ಮಕ್ಕಳು ಕಲಸಿಹೋಗಿದ್ದಾರೆ. ಎದ್ದುಹೋಗಿ ತಿದ್ದೋಣವೆಂದು ನಾಲಿಗೆ ತುರಿಸುತ್ತದೆ. ಆದರೆ ನನಗೆ ಕೇಳಿಸಿತೆಂದು ತಿಳಿದರೆ ಮಾತು ಅಲ್ಲಿಗೇ ನಿಂತೀತು. ಪೇಪರನ್ನು ಮುಖಕ್ಕೆ ಹಿಡಿದು ಕಿವುಡನಂತೆ ಕೂರುತ್ತೇನೆ. ಕನ್ನಡಕ್ಕಾಗಿ ನೀನೇನು ಮಾಡಿದೆ ಎಂದು ನಾಳೆ ಯಾರಾದರೂ ಕೇಳಿದರೆ, ಚಡ್ಡಿ ಒದ್ದೆ ಮಾಡಿಕೊಂಡೆ ಎನ್ನದೆ ನನಗೆ ಬೇರೆ ದಾರಿಯಿಲ್ಲ.