ಅಡಗಿಮನಿ ನುಸಿ, ದಾರೂಬಂದಿ ಅಧ್ಯಕ್ಷರು

ನಮ್ಮ ಮನಿಯೊಳಗ ಯಾವ ಸಣ್ಣ ಕೆಲಸಾನೂ ಸಣ್ಣದಾಗೇ ಮುಗಿಯೂದಿಲ್ರಿ. ನಳ ಸೋರಿದ್ರ ನಾಕ ಹಿರೇರು ಕೂತ ಪಂಚಾಯ್ತಿ ಮಾಡತಾರ, ಬೆಕ್ಕ ಕಳದ್ರ ಚಿಕ್ಕೋಡಿ ಬೀಗರಿಗೆ ಟ್ರಂಕ್ ಕಾಲ್ ಹೋಗತೈತಿ. ಹಂತಾದ್ರಾಗ ಒಂದ ವರ್ಷ ಅಡಗಿಮನ್ಯಾಗ ನುಸಿ ಆದ್ವು. ದೊಡ್ಡ ನೊಣ ಅಲ್ಲ. ಕೊಳತ ಹಣ್ಣಿಗೆ ಮುಕರತಾವಲ್ಲ, ಕಣ್ಣಿಗೆ ಕಾಣೂದೂ ಕಷ್ಟ, ಕೈಗೆ ಸಿಗೂದಂತೂ ಇಲ್ಲವೇ ಇಲ್ಲ, ಆ ನುಸಿ. ನಮ್ಮ ಅತ್ತಿ ತವರಮನಿ ಮಿರಜ ಕಡೆ, ಅವರು ಇವಕ್ಕ ಚಿಲಟ ಅಂತಾರ. ಹೆಸರ ಏನರ ಇರ್ಲಿ, ಕಾಟ ಒಂದ.

ಎಂಬತ್ತರ ದಶಕದ ಮಾತಿದು. ಅಥಣಿಯಿಂದ ಐಗಳಿಗೆ ಹೋಗೂ ಹಾದ್ಯಾಗ ನಮ್ಮೂರು. ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನಿ. ಮಾವನವರು ಊರಿನ ದಾರೂಬಂದಿ ಸಮಿತಿ ಅಧ್ಯಕ್ಷರು. ಬಸ್ ಸ್ಟ್ಯಾಂಡಿನ ಬಾಜೂಕ ಇದ್ದ ಸಾರಾಯಿ ಅಂಗಡೀನ ಹಳ್ಳದ ಆಚಿಗೆ ಓಡಿಸಿದವರು ಅವರು. ಕುಡದ ಸಿಕ್ಕಾವ ಹನುಮಪ್ಪನ ಕಟ್ಟಿ ಮ್ಯಾಲೆ ತೆಂಗಿನಕಾಯಿ ಹಿಡಕೊಂಡು ಊರ ಮುಂದ ಆಣಿ ಮಾಡಬೇಕು ಅನ್ನೂ ಪದ್ಧತಿ ತಂದವರೂ ಅವರು. ಅಂಗಡಿ ಹೋದ ಮ್ಯಾಲೆ ನಾವು ಹೆಣ್ಮಕ್ಳು ಸಂಜಿಮುಂದ ಬಸ್ ಇಳದು ಅಂಜಿಕಿ ಇಲ್ಲದ ಮನಿ ಮುಟ್ಟತಿದ್ವಿ. ಅದಕ್ಕ ನನಗ ಮಾವನವರ ಮ್ಯಾಲೆ ಭಾಳ ಅಭಿಮಾನ. ಅಂಥಾವರ ಮಾನಾ ಈ ನುಸಿ ಕೈಯಾಗ ಸಿಕ್ಕೊಂತ ನೋಡ್ರಿ.

೧. ಉದುರ ಮಣಿ

ದ್ರಾಕ್ಷಿ ಮನಿಗಳೊಳಗ ಒಂದ ರೂಢಿ ಐತಿ. ಪೆಟ್ಟಿಗೆ ತುಂಬೂ ಮುಂದ ಗೊಂಚಲಾ ಕತ್ರಿಲೆ ಹಸನ ಮಾಡತಾರ. ಆವಾಗ ಉದುರಿದ ಮಣಿ ವ್ಯಾಪಾರಿ ಒಯ್ಯೂದಿಲ್ಲ. ಅವೆಲ್ಲಾ ಬುಟ್ಟಿ ತುಂಬಿ ಮನಿಗೆ ಬರತಾವ. ತಿಂದಷ್ಟ ತಿನ್ನೂದು, ಓಣಿಗೆ ಹಂಚಿದಷ್ಟ ಹಂಚೂದು, ಉಳದದ್ದು ಮಾಳಿಗಿ ಮ್ಯಾಲೆ ಒಣ ಹಾಕಿ ಮಣೂಕ ಮಾಡೂದು. ಖರೇ ಅಂದ್ರ ಮಾಳಿಗಿ ಏರೂ ಮೊದಲ ಅರ್ಧಾ ಬುಟ್ಟಿ ಅಡಗಿಮನಿ ಮೂಲ್ಯಾಗ ಕೊಳೀತಾವ.

"ಅತ್ತಿ, ಬುಡದ ಮಣಿ ರಸಾ ಬಿಟ್ಟಾವ, ಎಮ್ಮಿಗೆ ಹಾಕೂಣೇನು?" ಅಂದೆ.

"ಅಗ ಬಾಯಿ! ಬೆಳದ ಲಕ್ಷ್ಮೀನ ಎಮ್ಮಿಗೆ ಹಾಕತಾರೇನ?" ಅಂತ ಅತ್ತಿ ಬುಟ್ಟಿ ಮ್ಯಾಲೆ ತಮ್ಮ ಹಳೀ ಇಳಕಲ್ ಸೀರಿ ಹೊಚ್ಚಿದ್ರು. ಒಳಗ ನುಸಿ ಬೆಚ್ಚಗ ಸಂಸಾರ ಹೂಡಿದ್ವು.

ಹಂತಾದ್ರಾಗ ರಾಯಬಾಗದಿಂದ ನಮ್ಮ ಬೀಗರು ಬಂದ್ರು. ಚಾ ಕೊಟ್ಟೆ. ಒಂದ ಕೈಯಾಗ ಬಶಿ ಹಿಡಕೊಂಡು ಇನ್ನೊಂದ ಕೈಲೆ ನುಸಿ ಹೊಡಕೋಂತ ಕೂತ್ರು. ಪಡಸಾಲ್ಯಾಗ ಕೂತವರು ಹಿಂಗ ಕೈ ಬೀಸಾಕತ್ತಿದ್ದು ರಸ್ತೇಕ ಹೊಂಟಾವ ಒಬ್ಬ ನೋಡಿದ. "ಕರದ್ರೇನ್ರಿ?" ಅಂತ ಬಂದ ಕೂತ. ಅವಗೂ ಚಾ ಆತು. ಅವನೂ ಕೈ ಬೀಸಾಕ ಸುರು ಮಾಡಿದ. ಇಬ್ಬರೂ ಬೀಸೂದ ನೋಡಿ ಇನ್ನಿಬ್ಬರು ಬಂದ್ರು. ಆ ಸಂಜಿ ನಮ್ಮ ಮನ್ಯಾಗ ಹಾಲ ತೀರಿತ್ರಿ, ನುಸಿ ತೀರಲಿಲ್ಲ.

೨. ಹೊಗಿ

ಅತ್ತಿಯವರು ತಮ್ಮ ತವರಮನಿ ಉಪಾಯ ತಗದ್ರು. ಬೇವಿನ ಸೊಪ್ಪು, ಕುಳ್ಳು, ಮ್ಯಾಲೆ ಒಂದ ಹಿಡಿ ಒಣ ಮೆಣಸಿನಕಾಯಿ. "ಚಿಲಟ ಅಲ್ಲ, ಅದರ ಅಜ್ಜಾನೂ ಓಡಬೇಕು" ಅಂತ ಅಡಗಿಮನಿ ನಟ್ಟ ನಡಬರಕ ಹೊಗಿ ಹಾಕಿದ್ರು.

ಓಡಿದ್ರು ಎಲ್ಲಾರೂ. ಮೊದಲ ನಮ್ಮ ಮನಿಯವರು, ಆಮ್ಯಾಲೆ ನಾನು, ಹಿಂದ ಬೆಕ್ಕು. ಕೆಮ್ಮೂದೇನು, ಸೀನೂದೇನು, ಕಣ್ಣೀರ ಹಾಕೂದೇನು! ಜಂತಿ ಸಂದ್ಯಾಗಿಂದ ಹೊಗಿ ಏಳೂದ ನೋಡಿ ಓಣ್ಯಾವರು "ಬೆಂಕಿ ಬಿತ್ತೋ" ಅಂತ ಕೊಡಾ ಹೊತಗೊಂಡ ಓಡಿ ಬಂದ್ರು. ಬಾಜೂ ಮನಿ ಪೈಲ್ವಾನಗ ಕಣ್ಣ ಕಾಣಲಿಲ್ಲ. ಕಟ್ಟಿ ಮ್ಯಾಲೆ ಕೆಮ್ಮಕೋಂತ ಕೂತಿದ್ದ ಮಾವನವರ ತಲಿಮ್ಯಾಲೆ ತುಂಬಿದ ಕೊಡಾ ಸುರುವಿದ. ಪಟಗಾ ಕಳಚಿ ಕೊಳ್ಳಾಗ ಬಿತ್ತು.

"ಲೇ, ಬೆಂಕಿ ಒಳಗ ಐತಿ, ನಾ ಹೊರಗ ಅದೇನಿ!" ಅಂತ ಮಾವನವರು ಚೀರಿದ್ರು.

"ಮನುಷ್ಯಾರನ ಮೊದಲ ಉಳಸಬೇಕ್ರಿ ಯಜಮಾನ್ರ" ಅಂದ ಪೈಲ್ವಾನ.

ಹೊಗಿ ಇಳೀತು. ಕಣ್ಣ ಒರಸಿಕೊಂಡ ಒಳಗ ಹೋದ್ರ, ನಮಗಿಂತ ಮೊದಲ ನುಸಿ ಬಂದ ಬುಟ್ಟಿ ಮ್ಯಾಲೆ ಕೂತಿದ್ವು.

೩. ಎಕರೆಗೆ ಎಷ್ಟು?

ನಮ್ಮ ಮನಿಯವರಿಗೆ ವಿಜ್ಞಾನದ ಮ್ಯಾಲೆ ಅಗದೀ ವಿಶ್ವಾಸ. ದ್ರಾಕ್ಷಿ ಪಡಕ್ಕ ಸಲಹಾ ಕೊಡಾಕ ಬರತಿದ್ದ ತೋಟಗಾರಿಕಿ ಸಾಹೇಬರನ ಸೀದಾ ಅಡಗಿಮನಿಗೆ ಕರಕೊಂಡ ಬಂದ್ರು. ಸಾಹೇಬ್ರು ಬೂಟ ಕಳದು ಒಳಗ ಬಂದು ಗ್ವಾಡಿ ನೋಡಿದ್ರು, ಜಂತಿ ನೋಡಿದ್ರು, ನನ್ನ ಒಲಿ ನೋಡಿದ್ರು.

"ಕ್ಷೇತ್ರ ಎಷ್ಟ ಎಕರೆ ಐತ್ರಿ?" ಅಂದ್ರು.

"ಅಡಗಿಮನಿ ಐತ್ರಿ ಸಾಹೇಬ್ರ, ಎಕರೆ ಎಲ್ಲಿಂದ ತರ್ಲಿ? ನಾಕ ಮಂದಿ ಕೂತ್ರ ಐದನೇದಾವ ನಿಂತ ಉಣಬೇಕು" ಅಂದೆ.

"ಹಂಗಾದ್ರ ಕಷ್ಟ ಆತು. ನಮ್ಮ ಪ್ರಮಾಣ ಎಲ್ಲಾ ಎಕರೆ ಮ್ಯಾಲೆ ಇರತಾವ" ಅಂತ ಭಾಳ ವಿಚಾರ ಮಾಡಿ ಕಡೀಕ ಒಂದ ಉಪಾಯ ಹೇಳಿದ್ರು. ಸಣ್ಣ ಕುತಗಿ ಬಾಟ್ಲಿಯೊಳಗ ಹುಳತ ದ್ರಾಕ್ಷಿ ರಸಾ ಹಾಕಿ, ಬಾಯಿಗೆ ಕಾಗದದ ಸುರಳಿ ಇಡೂದು. ವಾಸನಿಗೆ ಒಳಗ ಹೋದ ನುಸಿಗೆ ಹೊರಗ ಬರೂ ಹಾದಿ ತಿಳಿಯೂದಿಲ್ಲ. ನಮ್ಮ ಮನಿಯವರು ಕೈ ಮುಗದ್ರು. ಸಾಹೇಬ್ರು ಹೋಗೂ ಮುಂದ "ಅಭ್ಯಾಸಕ್ಕ ಬೇಕು" ಅಂತ ಉದುರ ಮಣಿದ ಒಂದ ಬುಟ್ಟಿ ಜೀಪಿನ್ಯಾಗ ಇಡಸಿಕೊಂಡ್ರು.

ಮುಂದಿನ ವಾರ ಅವರ ಜವಾನ ನಮ್ಮ ಬಾಗಲಕ ಬಂದ ನಿಂತ. "ಸಾಹೇಬ್ರ ಮನಿ ತುಂಬ ನುಸಿ ಆಗ್ಯಾವ್ರಿ. ನೀವು ಏನ ಔಷಧ ಮಾಡಿದ್ರಿ ಕೇಳ್ಕೊಂಡ ಬಾ ಅಂದಾರ."

೪. ಕಿಡಕ್ಯಾಗಿನ ಬಾಟ್ಲಿ

ಸಣ್ಣ ಕುತಗಿ ಬಾಟ್ಲಿ ನಮ್ಮಂಥಾ ಮನ್ಯಾಗ ಎಲ್ಲಿ ಸಿಗಬೇಕ್ರಿ? ನಮ್ಮ ಮನಿಯವರು ಅಥಣಿ ಭಂಗಾರ ಅಂಗಡಿಯಿಂದ, ಅಂದ್ರ ಗುಜರಿಯಿಂದ, ಒಂದ ಚೀಲ ಖಾಲಿ ಬಾಟ್ಲಿ ತಂದ್ರು. ನೋಡತೇನಿ, ಎಲ್ಲಾ ವಿಸ್ಕಿ, ರಮ್ಮು. ಚೀಟಿ ಸಮೇತ!

"ಅಯ್ಯ ನಿಮ್ಮ ಶಾಣ್ಯಾತನಕ್ಕ ಬೆಂಕಿ ಹಚ್ಚ! ದಾರೂಬಂದಿ ಅಧ್ಯಕ್ಷರ ಮನ್ಯಾಗ ಇವನ್ನ ಇಡತೀರೇನು?" ಅಂದೆ.

ಮಾವನವರು ಒಂದ ಬಾಟ್ಲಿ ತಿರಿವಿ ತಿರಿವಿ ನೋಡಿದ್ರು. ಜನ್ಮದಾಗ ಮುಟ್ಟಿದವರಲ್ಲ, ಅವರಿಗೇನ ಗೊತ್ತು. "ಕೆಮ್ಮಿನ ಔಷಧದ್ದು ಕಾಣತೈತಿ. ಇರ್ಲಿ ಬಿಡವಾ, ಚಲೋ ಗಾಜ ಐತಿ" ಅಂದ್ರು. ರಸಾ ತುಂಬಿಸಿ ತಾವ ನಿಂತು ಅಡಗಿಮನಿ ರಸ್ತೆ ಕಡೆ ಕಿಡಕ್ಯಾಗ ಸಾಲಾಗಿ ಇಡಸಿದ್ರು. ಬಿಸಲಿಗೆ ರಸಾ ಬುರುಗು ಎದ್ದಿತು. ವಾಸನಿ ಹನುಮಪ್ಪನ ಗುಡಿ ತನಕಾ ಹೋತು.

ನುಸಿ ಬಿದ್ದೂವು, ಸುಳ್ಳಲ್ಲ. ಆದ್ರ ಬಿದ್ದಾವು ನುಸಿ ಅಷ್ಟ ಅಲ್ಲ. ಮಾವನವರು ಹೋದ ಅಮಾಸಿಗೆ ಕಟ್ಟಿ ಮ್ಯಾಲೆ ನಿಲ್ಲಿಸಿ ಆಣಿ ಮಾಡಿಸಿದ್ದ ಒಬ್ಬ ಮನುಷ್ಯಾ ಮರುದಿನಾನ ಹಿತ್ತಲ ಬಾಗಲಕ್ಕ ಬಂದ. ಕೈಯಾಗ ಸ್ಟೀಲ್ ಗ್ಲಾಸು, ಮುಖದ ಮ್ಯಾಲೆ ಭಕ್ತಿ.

"ಅವ್ವಾರ, ಯಜಮಾನ್ರ ಸ್ವಂತ ಸುರು ಮಾಡ್ಯಾರಂತಲ್ರಿ?"

"ಏನ ಸುರು ಮಾಡ್ಯಾರ?"

"ಮೊದಲ ಹೇಳಿದ್ರ ನಾ ಸುಮ್ಮನ ಹಳ್ಳಾ ದಾಟತಿದ್ದಿಲ್ರಿ" ಅಂತ ಗ್ಲಾಸ ಮುಂದ ಹಿಡದ. ನಾ ಕಸಬರಗಿ ತಗೊಂಡೆ. ಅಂವಾ ಓಡಕೋಂತನ ಹೇಳಿದ, "ಸಮಿತಿ ಮೆಂಬರ್ರಿಗೆ ಅಷ್ಟ ಕೊಡತಾರಂತ ಕಾಣತೈತಿ!"

೫. ಜಪ್ತಿ

ಈ ಸುದ್ದಿ ಹಳ್ಳಾ ದಾಟಿ ಸಾರಾಯಿ ಗುತ್ತೇದಾರನ ಕಿವಿಗೂ ಬಿತ್ತು. ಕಾಗವಾಡ ಕಡ್ಯಾವ. ತನ್ನ ಅಂಗಡಿ ಓಡಿಸಿದವರ ಮ್ಯಾಲೆ ಹಲ್ಲ ಕಡಕೊಂತಿದ್ದ. "ಅಧ್ಯಕ್ಷರ ಮನ್ಯಾಗ ಕಳ್ಳಭಟ್ಟಿ ನಡದೈತಿ, ಸರ್ಕಾರದ ಆದಾಯಕ್ಕ ಧಕ್ಕಿ ಆಗಾಕತ್ತೈತಿ" ಅಂತ ಅರ್ಜಿ ಕೊಟ್ಟ. ಸರ್ಕಾರದ ಮ್ಯಾಲೆ ಎಷ್ಟ ಪ್ರೀತಿ ನೋಡ್ರಿ!

ಒಂದಿನ ಮುಂಜಾನೆ ಅಬಕಾರಿ ಸಾಹೇಬರ ಜೀಪು ನಮ್ಮ ಮನಿ ಮುಂದ ನಿಂತಿತು. ಹಿಂದಿಂದ ಒಬ್ಬ ಪೊಲೀಸಪ್ಪ, ಅವನ ಬೆನ್ನಿಗೆ ಗುತ್ತೇದಾರ ಇಳದ್ರು. ಅರ್ಧಾ ತಾಸಿನ್ಯಾಗ ಅಂಗಳದಾಗ ಕಾಲಿಡಾಕ ಜಾಗಾ ಇಲ್ಲ. ಸಾಹೇಬ್ರು ಬಾಟ್ಲಿ ಒಂದೊಂದ ಇಳಸಿ ಮೂಸಿದ್ರು.

"ಇದೇನ್ರಿ ಯಜಮಾನ್ರ?"

"ನುಸಿ ಹಿಡಿಯೂ ಬಾಟ್ಲಿ ಅದಾವ್ರಿ. ನೋಡ್ರಿ, ಒಳಗ ನುಸಿ ಸತ್ತಾವ."

"ಕಳ್ಳಭಟ್ಟಿ ಕುಡದ್ರ ಮನುಷ್ಯಾರ ಸಾಯ್ತಾರ್ರಿ ಸಾಹೇಬ್ರ, ನುಸಿ ಉಳೀತಾವೇನ್ರಿ?" ಅಂದ ಗುತ್ತೇದಾರ. ಅಂಗಳದ ಮಂದಿ "ಅದೂ ಖರೇ" ಅಂತ ತಲಿ ಹಾಕಿದ್ರು. ಅಂವಗ ಹುರುಪ ಬಂತು. "ಊರಿಗೆಲ್ಲಾ ಕಾಯಿ ಹಿಡಿಸಿದ್ರಲ್ಲ, ಈಗ ಇವರ ಹಿಡೀಲಿ. ಸಮಿತಿ ಮುಗೀತು. ನಾ ನಾಳಿಗೆ ಬಸ್ ಸ್ಟ್ಯಾಂಡಿಗೆ ವಾಪಸ್ ಬರತೇನಿ."

ಮಾವನವರ ಮಾರಿ ನೋಡಲಾರದಂಗ ಆತು. ಅತ್ತಿ "ದೇವಾ ರೇ" ಅಂತ ಸೆರಗ ಬಾಯಿಗೆ ಒತ್ತಿದ್ರು. ಹೆಣ್ಮಕ್ಳೆಲ್ಲಾ ನನ್ನ ಮಾರಿ ನೋಡಾಕತ್ತಿದ್ರು, ಅಂಗಡಿ ತಿರಗಿ ಬಂತ ಅಂದ್ರ ನಮ್ಮ ಗತಿ ಏನು ಅನ್ನೂ ಹಂಗ.

ಆವಾಗ ಮಂದಿಯೊಳಗಿಂದ ಸಮಿತಿ ಕಾರ್ಯದರ್ಶಿ ಮುಂದ ಬಂದ್ರು. ಖಾದಿ ಅಂಗಿ, ಹೆಗಲ ಮ್ಯಾಲೆ ವಸ್ತ್ರ. ಸುತ್ತ ಐದ ತಾಲೂಕಿನ್ಯಾಗ ದಾರೂಬಂದಿ ಭಾಷಣ ಅಂದ್ರ ಇವರದ. ಕೇಳಿದ ಹೆಣ್ಮಕ್ಳು ಅಳೂದು, ಗಂಡ್ಮಕ್ಳು ಎದ್ದ ಹೋಗೂದು. ದಿನಾ ಸಂಜಿಮುಂದ ನಮ್ಮ ಮನಿಗೆ ಬಂದು, "ಏಳಬ್ಯಾಡವಾ ತಂಗಿ, ನೀರ ನಾನ ತಗೋತೇನಿ" ಅಂತ ಅಡಗಿಮನಿಗೆ ಹೋಗತಿದ್ರು. ಎಂಥಾ ಸಾದಾ ಮನುಷ್ಯಾ ಅಂತ ನನಗ ಅನಸತಿತ್ತು.

ಅವರು ಎದಿ ಮ್ಯಾಲೆ ಕೈ ಇಟ್ಟ ಹೇಳಿದ್ರು, "ಸಾಹೇಬ್ರ, ನಮ್ಮ ಅಧ್ಯಕ್ಷರು ದೇವರಂಥಾವರು. ಇದು ದಾರೂ ಅಲ್ವೇ ಅಲ್ಲ. ಬಾಟ್ಲಿ ಇಟ್ಟ ದಿನದಿಂದ ನಾ ದಿನಾ ಇದೇ ವಸ್ತ್ರದಾಗ ನುಸಿ ಸೋಸಿ ಕುಡ್ಯಾಕತ್ತೇನಿ. ಒಂದ ದಿನಾನೂ ಏರಿಲ್ಲ!"

ಮಾವನವರು ಬಾಯಿ ತೆರದವರು ಮುಚ್ಚಲಿಲ್ಲ.

ಗುತ್ತೇದಾರಗ ತಡಕೊಳ್ಳಾಕ ಆಗಲಿಲ್ಲ. "ಇವರ ಮಾತ ನಂಬಬ್ಯಾಡ್ರಿ ಸಾಹೇಬ್ರ! ಇವರಿಗೆ ಏನ ಕುಡದ್ರೂ ಏರೂದಿಲ್ಲ. ನಮ್ಮ ಅಂಗಡ್ಯಾಗ ಎರಡ ಬಾಟ್ಲಿ ಹಾಕಿ ಸೈಕಲ್ ಹೊಡಕೊಂಡ ಹೋಗತಾರ!"

"ಏರೂದ ಹೆಂಗಲೇ?" ಕಾರ್ಯದರ್ಶಿಗಳಿಗೆ ಖರೇನ ಸಿಟ್ಟ ಬಂತು. "ಅರ್ಧಕ್ಕರ್ಧಾ ಹಳ್ಳದ ನೀರ ಕೂಡಸತಿ, ಮ್ಯಾಲೆ ಕಲಾಯಿ ಮಾಡೂ ನೌಸಾಗರದ ಪುಡಿ ಹಾಕತಿ. ನಿನ್ನ ಸಾರಾಯಿಗಿಂತ ಈ ನುಸಿ ರಸಾನ ಖಡಕ್ ಐತಿ!"

ಸಾಹೇಬ್ರು ಸಾವಕಾಶ ಗುತ್ತೇದಾರನ ಕಡೆ ತಿರಗಿದ್ರು. "ಹೌದೇನ್ರಿ? ನೀರು, ನೌಸಾಗರ? ನಡೀರಿ, ಮೊದಲ ನಿಮ್ಮ ಅಂಗಡಿ ನೋಡೂಣು. ಲೈಸನ್ಸ್ ರದ್ದ ಮಾಡೂ ಪೆನ್ನು ನನ್ನ ಕಿಸೇದಾಗ ಐತಿ." ಅಂವಾ ತೊದಲಾಕ ಹತ್ತಿದ. ಪೊಲೀಸಪ್ಪ ರಟ್ಟಿ ಹಿಡದ.

ಸಾಹೇಬ್ರು ನನ್ನ ಕಡೆ ನೋಡಿ, "ತಂಗೀ, ಅಲ್ಲಾ, ಈ ನುಸಿ ಎಲ್ಲಿಂದ ಬರತಾವ?" ಅಂದ್ರು. ನಾ ಮೂಲ್ಯಾಗಿನ ಬುಟ್ಟಿ ತೋರಿಸಿದೆ.

"ಮತ್ತ ಇದನ್ನ ಹೊರಗ ಒಗೀಬಾರ್ದೇನು?"

ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಇಷ್ಟ ದಿನಾ ಯಾರಿಗೂ ಹೊಳದಿರಲಿಲ್ಲ. ಹೊಳದಾಕಿ ಮಾತ ಯಾರೂ ಕೇಳಿರಲಿಲ್ಲ. ಅತ್ತಿ "ಲಕ್ಷ್ಮೀ" ಅನ್ನೂದರಾಗ ಸಾಹೇಬ್ರು, "ಕಚ್ಚಾ ಮಾಲು, ಜಪ್ತಿ" ಅಂದ್ರು. ಬುಟ್ಟಿ ಜೀಪ ಏರಿತು. ನುಸಿನೂ ಏರಿದ್ವು, ಒಂದೂ ಹಿಂದ ಉಳೀಲಿಲ್ಲ. ಮಾವನವರ ಕಣ್ಣಾಗ ನೀರ ಬಂದ್ವು. ನಾನೂ ಅತ್ತೆ, ಖರೇ ಹೇಳತೇನಿ, ಮಾನಾ ಉಳೀತಲ್ಲ ಅಂತ ಅತ್ತೆ.

ಸಾಹೇಬ್ರು ಹೊಂಡೂ ಮುಂದ ಕಾರ್ಯದರ್ಶಿಗಳನ ಕೇಳಿದ್ರು, "ಇವನ ಮಾಲು ಕಲಬೆರಕಿ ಅಂತ ನೀವು ಸಾಕ್ಷಿ ಹೇಳಬೇಕಾಗತೈತಿ. ಬ್ಯಾರೇ ಕಡೆ ಮಾಲು ಹೆಂಗಿರತೈತಿ ನಿಮಗ ಗೊತ್ತೈತೇನು?"

"ಗೊತ್ತಿಲ್ಲದ ಏನ್ರಿ? ನಿಪ್ಪಾಣ್ಯಾಗ ದಾರೂಬಂದಿ ಭಾಷಣ ಮಾಡಿದಾಗ ಅಲ್ಲೀದ ರುಚಿ ನೋಡೇನಿ, ಚಿಕ್ಕೋಡ್ಯಾಗ ಮಾಡಿದಾಗ ಅಲ್ಲೀದ. ರಾಯಬಾಗದಾಗ ಅಂತೂ ಸತತ ಎರಡ ದಿನಾ ಭಾಷಣ ಇತ್ತು."

ಮಾವನವರು ಕಟ್ಟಿ ಮ್ಯಾಲೆ ಕುಸದ ಕೂತ್ರು. ಪಟಗಾ ತಗದ ಮಗ್ಗಲದಾಗ ಇಟ್ಟು, ಹಣಿ ಒರಸಿಕೊಂಡು ಹೇಳಿದ್ರು:

"ಅದಕ್ಕ ಅಂತೇನಿ, ಪ್ರತೀ ಊರಾಗೂ ಈ ಮನುಷ್ಯಾನ ಭಾಷಣಕ್ಕ ಆ ಊರ ಸಾರಾಯಿ ಗುತ್ತೇದಾರನೇ ಮಂಡಪಾ ಹಾಕಿಸಿಕೊಡತಿದ್ದ!"